ಮಗಳಿಗೊಂದು ಪತ್ರ: ಅಣ್ಣನಿಗೆ ಹೇಳಬೇಡ ಅಂದೆಯಲ್ಲ

ಬೀದರ
ಮಂಗಳವಾರ ರಾತ್ರಿ

ಮಗಳೇ,

ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನೋಡಿದೆ. ಎರಡೂ ಸಲ ನೀನು "ಊಟ ಆಯ್ತೇನವ್ವ" ಅಂದೆ, ನಾನು ಆಯ್ತು ಅಂದು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ನಿಮ್ಮಪ್ಪ ಹೈದರಾಬಾದಿನ ರೈಲು ಹತ್ತುತ್ತಾರೆ. ರೊಟ್ಟಿಯ ಗಂಟಿನಲ್ಲಿ ಈ ಪತ್ರವೂ ಇರುತ್ತದೆ. ಇದರಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತು.

ಮೊನ್ನೆ ಭಾನುವಾರವೂ ಅಣ್ಣ ಕೇಳಿದ. "ತಂಗಿ ಹ್ಯಾಂಗಿದ್ದಾಳವ್ವ? ನಾಲ್ಕರಾಗ ಬಿತ್ತಲ್ಲ?" ಛಂದ ಇದ್ದಾಳಪ್ಪ ಅಂದೆ. ಹೀಗೆ ಹೇಳಿದ್ದು ಇದು ಮೂರನೇ ಭಾನುವಾರ. ಅಲ್ಲಿ ಕೂತು ಅವನು ನಿನ್ನ ತಿಂಗಳುಗಳನ್ನು ಎಣಿಸುತ್ತಿದ್ದಾನೆ. ಪೂಜೆಯಲ್ಲಿ ನಿನ್ನನ್ನೂ ಕೂಸನ್ನೂ ನೆನೆಯುತ್ತೇನೆ ಅನ್ನುತ್ತಾನೆ. ಫೋನ್ ಇಟ್ಟ ಮೇಲೆ ಜಪಸರ ಹಿಡಿದು ಕೂತರೆ ನನ್ನ ಬೆರಳು ಒಂದೇ ಮಣಿಯ ಮೇಲೆ ನಿಂತುಬಿಡುತ್ತದೆ.

ಕೂಸು ಹೋದ ಆ ದಿನ ದವಾಖಾನೆಯಲ್ಲಿ ನೀನು ನನ್ನ ಕೈ ಹಿಡಿದು, "ಅಣ್ಣಗ ಹೇಳಬ್ಯಾಡವ್ವ, ಅಷ್ಟು ದೂರ ಒಬ್ಬನೇ ಇದ್ದಾನ, ಕೇಳಿ ಏನು ಮಾಡ್ಯಾನು" ಅಂದೆ. ಆ ಹೊತ್ತಿನಲ್ಲಿ ನೀನು ಏನು ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ. ಆದರೆ ಈ ತಪ್ಪನ್ನು ನಾನು ಹಿಂದೊಮ್ಮೆ ಮಾಡಿದ್ದೇನೆ. ಆಗ ಅವನು ನನಗೆ ಏನಂದ ಎಂಬುದನ್ನು ನಿನಗೆ ಇವತ್ತಿನವರೆಗೂ ಹೇಳಿಲ್ಲ.

2021ರ ಮೇ ತಿಂಗಳು ನಿನಗೆ ನೆನಪಿದೆ. ನಿಮ್ಮಪ್ಪ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದರು. ಅಣ್ಣ ಮಿಷನರಿ ಫಾದರಾಗಿ ಪಾಪುವಾ ನ್ಯೂಗಿನಿಗೆ ಹೋಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ವಿಮಾನಗಳು ನಿಂತಿದ್ದವು, ಬರಬೇಕೆಂದರೂ ಬರುವಂತಿರಲಿಲ್ಲ. ಸುಮ್ಮನೆ ಯಾಕೆ ಸಂಕಟ ಕೊಡಬೇಕೆಂದು ನಾವಿಬ್ಬರೂ ಮುಚ್ಚಿಟ್ಟೆವು. ಅಪ್ಪ ಎಲ್ಲಿ ಅಂದರೆ ಮಲಗಿದ್ದಾರೆ ಅಂದೆವು, ಹೊಲದ ಕಡೆ ಹೋಗಿದ್ದಾರೆ ಅಂದೆವು. ನಲವತ್ತು ದಿನದ ಮೇಲೆ ಯಾರದೋ ಬಾಯಿಂದ ಅವನಿಗೆ ಸುದ್ದಿ ಮುಟ್ಟಿತು. ಆ ಭಾನುವಾರ ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಇಷ್ಟೇ ಅಂದ: "ಅವ್ವಾ, ನೀವು ನನಗ ಬೀಗರ ಲೆಕ್ಕಕ್ಕ ಹಾಕಿದ್ರಿ. ಬೀಗರ ಮುಂದ ಮನಿ ಸುದ್ದಿ ಛಂದ ಛಂದ ಹೇಳ್ತಾರಲ್ಲ, ಹಂಗ. ನಾ ಈ ಮನಿ ಮಗ ಅಲ್ಲೇನು?"

ಆ ಮಾತು ನನ್ನೊಳಗೆ ಇನ್ನೂ ಇದೆ. ಅವನನ್ನು ಕಳಿಸಿಕೊಟ್ಟ ದಿನ ವಿಮಾನ ನಿಲ್ದಾಣದ ರಸ್ತೆಯಲ್ಲಿ ಅತ್ತಿದ್ದಕ್ಕಿಂತ ಅವತ್ತು ಹೆಚ್ಚು ಅತ್ತೆ. ದೇವರಿಗೆ ಕೊಟ್ಟ ಮಗ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಕೊಟ್ಟದ್ದು ದೇವರಿಗೆ, ಆದರೆ ಮನೆಯಿಂದ ಹೊರಗೆ ಹಾಕಿದ್ದು ನಾನೇ.

ಅವತ್ತಿನಿಂದ ನಾನು ಮಾತಾಡುವ ರೀತಿ ಬದಲಾಯಿತು. ನೀನು ಆಗ ಹಾಸ್ಟೆಲಿನಲ್ಲಿದ್ದೆ, ಗಮನಿಸಿರಲಿಕ್ಕಿಲ್ಲ. ನಮ್ಮ ಮಧ್ಯಾಹ್ನ ಒಂದೂವರೆ ಅಂದರೆ ಅವನ ಸಂಜೆ ಆರು ಗಂಟೆ. ಅವನು ಸೇಪಿಕ್ ನದಿಯ ಮೇಲ್ಗಡೆಯ ಊರುಗಳಿಗೆ ಹೋಗಿರುವ ವಾರಗಳಲ್ಲಿ ಫೋನೇ ಇಲ್ಲ. ಅಲ್ಲಿ ದೋಣಿಯೇ ಬಸ್ಸು. ವೇವಾಕ್ ಪಟ್ಟಣಕ್ಕೆ ಬಂದ ಭಾನುವಾರ ಸಿಗ್ನಲ್ ಸಿಗುತ್ತದೆ. ಸಿಕ್ಕ ಆ ಇಪ್ಪತ್ತು ನಿಮಿಷದಲ್ಲಿ ನಾನು ಎಲ್ಲವನ್ನೂ ಹೇಳುತ್ತೇನೆ. ತೊಗರಿಗೆ ಎಷ್ಟು ರೇಟು ಬಂತು, ಹಿತ್ತಲ ಗೋಡೆ ಮಳೆಗೆ ಎಲ್ಲಿ ಬಿತ್ತು, ಎಳ್ಳಮಾಸಿಗೆ ಪಕ್ಕದ ಮನೆಯವರ ಹೊಲಕ್ಕೆ ಹೋದಾಗ ಭಜ್ಜಿಗೆ ಈ ಸಲ ಉಪ್ಪು ಕಡಿಮೆ ಆಗಿತ್ತು, ನನಗೂ ಅಪ್ಪನಿಗೂ ಯಾವ ಮಾತಿಗೆ ಜಗಳ ಆಯಿತು. ಮೊದಲೆಲ್ಲ "ಎಲ್ಲ ಆರಾಮ" ಅಂದು ಮುಗಿಸುತ್ತಿದ್ದೆ, ಅವನೂ "ಎಲ್ಲ ಆರಾಮ" ಅನ್ನುತ್ತಿದ್ದ. ನಾನು ನಮ್ಮ ಕಷ್ಟ ಹೇಳಲು ಶುರು ಮಾಡಿದ ಮೇಲೆಯೇ ಅವನಿಗೆ ಮೂರು ಸಲ ಮಲೇರಿಯಾ ಬಂದುಹೋಗಿತ್ತು ಎಂಬುದು ನನಗೆ ಗೊತ್ತಾದದ್ದು.

ಅವನು ಹೇಳುವ ಸುದ್ದಿಗೂ ಆಮೇಲೆ ರುಚಿ ಬಂತು. ನಾವು ಉಪವಾಸಕ್ಕೆ ಮಾಡುವ ಸಾಬೂದಾಣಿ ಮರಗೆಣಸಿನ ಹಿಟ್ಟಿನದಂತೆ, ಅವರದು ಖರೇ ಸಾಬೂದಾಣಿ, ತಾಳೆಯಂಥ ಮರದ ತಿರುಳನ್ನು ಕುಟ್ಟಿ ತೊಳೆದು ತೆಗೆದದ್ದು, ಅದೇ ಅವರ ರೊಟ್ಟಿ. ನಮ್ಮ ಹಿರಿಯರ ಹಾಗೆ ಅಡಿಕೆ ಸುಣ್ಣ ಜಗಿದು ಬಾಯಿ ಕೆಂಪಗೆ ಮಾಡಿಕೊಳ್ಳುತ್ತಾರಂತೆ. ಆ ಒಂದು ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆ. ಹಾಗಾಗಿ ತಮ್ಮ ಭಾಷೆಯವನು ಸಿಕ್ಕರೆ 'ವಾಂಟೋಕ್' ಅನ್ನುತ್ತಾರೆ, ಒಂದೇ ಮಾತಿನವನು ಅಂತ. ವಾಂಟೋಕ್ ಆದರೆ ಅನ್ನ ಹಾಕಬೇಕು, ಮಲಗಲು ಜಾಗ ಕೊಡಬೇಕು, ಕಷ್ಟಕ್ಕೆ ನಿಲ್ಲಬೇಕು. "ಇಲ್ಲಿ ನನಗ ವಾಂಟೋಕ್ ಯಾರೂ ಇಲ್ಲವ್ವ, ಭಾನುವಾರ ನೀವೇ" ಅಂದಿದ್ದ ಒಮ್ಮೆ.

2024ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ಅಣ್ಣನಿರುವ ದೇಶದ ವಾನಿಮೊ ಊರಿಗೆ ಬಂದಾಗ ನಾವಿಬ್ಬರೂ ಒಂದೇ ಫೋನಿಗೆ ಕಣ್ಣು ಹಚ್ಚಿ, ಆ ಜನರ ನಡುವೆ ಅವನ ಮುಖ ಹುಡುಕಿದ್ದು ನೆನಪಿದೆಯಾ? ಸಿಗಲಿಲ್ಲ. ಆದರೂ ಆ ದಿನವೆಲ್ಲ ನಾವು ಅಲ್ಲೇ ಇದ್ದೆವು.

ಅವನು ಸೇರಿದ ಎಸ್.ವಿ.ಡಿ. ಎಂಬ ಮಿಷನರಿ ಗುರುಗಳ ಸಭೆಯ ಮೊದಲ ಮಿಷನರಿಗಳಲ್ಲಿ ಸಂತ ಜೋಸೆಫ್ ಫ್ರೈನಾಡೆಮೆಟ್ಸ್ ಒಬ್ಬರು. 1879ರಲ್ಲಿ ಚೀನಾಕ್ಕೆ ಹೊರಟವರು ಯುರೋಪಿನ ತಮ್ಮ ತಿರೋಲ್ ಬೆಟ್ಟದ ಊರಿಗೆ ಮತ್ತೆ ಬರಲೇ ಇಲ್ಲ, 1908ರಲ್ಲಿ ಅಲ್ಲೇ ತೀರಿಕೊಂಡರು. ಮನೆಯವರಿಗೆ ಸಿಕ್ಕಿದ್ದು ಕಾಗದಗಳಷ್ಟೇ. ಅವರ ತಾಯಿಯನ್ನು ನಾನು ಎಷ್ಟೋ ಸಲ ನೆನೆಸಿಕೊಳ್ಳುತ್ತೇನೆ. ನಮಗೆ ಸಿಗ್ನಲ್ ಸಿಕ್ಕ ಭಾನುವಾರ ಮುಖ ಕಾಣುತ್ತದೆ, 2023ರಲ್ಲಿ ಬಂದು ನಿನ್ನ ಮದುವೆಯ ಬಲಿಪೂಜೆಯನ್ನು ಅವನೇ ಅರ್ಪಿಸಿದ. ಇಷ್ಟು ಸಿಕ್ಕಿರುವಾಗ ಆ ಮುಖದ ಮುಂದೆ ಸುಳ್ಳು ಹೇಳುವುದು ನನ್ನಿಂದ ಆಗುತ್ತಿಲ್ಲ.

ಇನ್ನೊಂದು ಸಂಗತಿ. ಆ ಸೀಮೆಯಲ್ಲಿ ಸಾವಾದರೆ 'ಹೌಸ್ ಕ್ರೈ' ಅಂತ ಮಾಡುತ್ತಾರಂತೆ, ಅಳುವ ಮನೆ. ನಂಟರು, ಊರವರು ಎಲ್ಲ ಬಂದು ದಿನಗಟ್ಟಲೆ ಅಲ್ಲೇ ಕೂರುತ್ತಾರೆ, ಅಲ್ಲೇ ಮಲಗುತ್ತಾರೆ, ಅಡಿಗೆಯ ಸಾಮಾನು ಹೊತ್ತು ತರುತ್ತಾರೆ. ಸತ್ತವರ ಮನೆಯವರನ್ನು ಒಂಟಿ ಬಿಡುವುದಿಲ್ಲ. ಮೊದಮೊದಲು ಅಲ್ಲಿ ಏನು ಉಪದೇಶ ಮಾಡಲಿ ಎಂದು ಅಣ್ಣನಿಗೆ ಗೊತ್ತಾಗುತ್ತಿರಲಿಲ್ಲ. ಒಬ್ಬ ಮುದುಕಿ ಚಾಪೆ ತೋರಿಸಿ ಸುಮ್ಮನೆ ಕೂರು ಅಂದಳಂತೆ. ಈಗ ಅವನು ಹೋಗಿ ಕೂರುತ್ತಾನೆ.

ನಮ್ಮಲ್ಲೂ ಸಾವಿನ ಮನೆಗೆ ಬುತ್ತಿ ಬರುತ್ತದೆ, ಒಲೆ ಹಚ್ಚಲು ಬಿಡುವುದಿಲ್ಲ. ನಿನ್ನ ಮನೆಗೆ ಯಾರೂ ಬುತ್ತಿ ತರಲಿಲ್ಲ ಮಗಳೇ. ಮೂರು ತಿಂಗಳ ಕೂಸಿಗೆ ಹೆಸರಿಲ್ಲ, ಗೋರಿಯಿಲ್ಲ, ಬಂದು ಕೂರುವವರಿಲ್ಲ. ಮೂರನೇ ದಿನಕ್ಕೆ ಎದ್ದು ಕೆಲಸಕ್ಕೆ ಹೋದೆ. ಇನ್ನೂ ವಯಸ್ಸಿದೆ, ಮತ್ತೆ ಆಗುತ್ತದೆ ಅಂದವರಲ್ಲಿ ನಾನೂ ಒಬ್ಬಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸುಮ್ಮನೆ ಕೂರಲು ನನಗೆ ಬರಲಿಲ್ಲ. ಅದನ್ನು ಕಲಿತವನು ನಿನ್ನ ಬೆನ್ನಿಗೆ ಒಬ್ಬನಿದ್ದಾನೆ, ಅವನಿಗೇ ಬಾಗಿಲು ಹಾಕಿ ಕೂತಿದ್ದೇವೆ.

ಹೇಳಲೋ ಬೇಡವೋ ಅಂದುಕೊಂಡಿದ್ದೆ, ಹೇಳಿಯೇ ಬಿಡುತ್ತೇನೆ. ಹೋದ ವಾರ ರಜೆಗೆ ಬಂದ ಫಾದರ್ ಒಬ್ಬರ ಕೈಲಿ ಅಣ್ಣ ಒಂದು ಬಿಲುಮ್ ಕಳಿಸಿದ್ದಾನೆ. ಅಲ್ಲಿನ ಹೆಂಗಸರು ನಾರನ್ನು ತೊಡೆಯ ಮೇಲೆ ಹೊಸೆದು, ಮಗ್ಗವಿಲ್ಲದೆ ಬೆರಳಲ್ಲೇ ಹೆಣೆಯುವ ಜೋಳಿಗೆ ಅದು. ಪಟ್ಟಿಯನ್ನು ಹಣೆಗೆ ಸಿಕ್ಕಿಸಿ ಬೆನ್ನಿಗೆ ಬಿಟ್ಟುಕೊಂಡರೆ ಗೆಣಸೂ ಅದರಲ್ಲೇ, ಕೂಸೂ ಅದರಲ್ಲೇ ಮಲಗುತ್ತದೆ. ಅವನ ಚರ್ಚಿನ ತಾಯಂದಿರು ಫಾದರಿನ ತಂಗಿಗೆ ಅಂತ ಹೆಣೆದುಕೊಟ್ಟದ್ದು. ಅದನ್ನು ನನ್ನ ಸೀರೆಗಳ ಕೆಳಗೆ ಇಟ್ಟಿದ್ದೇನೆ. ನಿಮ್ಮಪ್ಪನ ಕೈಲಿ ಕಳಿಸಿಲ್ಲ. ಬೇಕೆಂದಾಗ ಕೇಳು, ಬೇಡವೆಂದರೆ ನಾನು ಎಂದೂ ಆ ಮಾತು ಎತ್ತುವುದಿಲ್ಲ. ಆದರೆ ಅವನು "ಮುಟ್ಟಿತೇನವ್ವ, ತಂಗಿಗೆ ಸೇರಿತೇನು" ಅಂತ ಈ ಭಾನುವಾರ ಕೇಳೇ ಕೇಳುತ್ತಾನೆ.

ಅದಕ್ಕೆ ಹೀಗೆ ಮಾಡೋಣ. ಶನಿವಾರ ರಾತ್ರಿಯೊಳಗೆ ನನಗೆ ಒಂದು ಮಾತು ತಿಳಿಸು. "ನೀನೇ ಹೇಳವ್ವ" ಅಂದರೆ ನಾನೇ ಹೇಳುತ್ತೇನೆ, ನೀನು ಫೋನಿಗೆ ಬರಬೇಕಾಗಿಲ್ಲ, ಅಳಬೇಕಾಗಿಲ್ಲ. "ನಾನೇ ಹೇಳ್ತೀನಿ" ಅಂದರೆ ಒಂದೂವರೆಗೆ ನಾನು ಫೋನ್ ಎತ್ತುವುದಿಲ್ಲ. ನಾನು ಎತ್ತದಿದ್ದರೆ ಅವನು ನಿನಗೇ ಮಾಡುತ್ತಾನೆ, ಗೊತ್ತಲ್ಲ. ಏನೂ ತಿಳಿಸದೆ ಸುಮ್ಮನಿದ್ದರೆ ಇನ್ನೂ ಒಂದು ವಾರ ನೋಡುತ್ತೇನೆ, ನಿನ್ನ ದುಃಖ ನಿನ್ನದು, ನಿನ್ನನ್ನು ಮೀರಿ ಹೋಗುವುದಿಲ್ಲ. ಆದರೆ ಛಂದ ಇದ್ದಾಳ ಅಂತ ಮಾತ್ರ ಇನ್ನೊಮ್ಮೆ ನನ್ನ ಬಾಯಿಂದ ಬರುವುದಿಲ್ಲ.

ಗಂಟಿನಲ್ಲಿ ಸಜ್ಜಿರೊಟ್ಟಿ ಮೇಲಿವೆ, ಜೋಳದವು ಕೆಳಗೆ. ಶೇಂಗಾ ಹಿಂಡಿಗೆ ಖಾರ ಕಡಿಮೆ ಹಾಕಿದ್ದೇನೆ. ಅಪ್ಪ ಎರಡು ದಿನ ಇರುತ್ತಾರೆ, ಹೆಚ್ಚು ಮಾತಾಡುವುದಿಲ್ಲ, ನಿನ್ನ ಹತ್ತಿರ ಕೂರುತ್ತಾರೆ.

ನಿನ್ನ
ಅವ್ವ