ನಾಲ್ಕೂವರೆ ಗಂಟೆಯ ಸೇವಾ ವ್ಯತ್ಯಯ ಮತ್ತು ಸ್ಟೇಟಸ್ ಪೇಜಿನ ತಪ್ಪು ಮಾಹಿತಿ ಕುರಿತು ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕಳೆದ ಶನಿವಾರ ರಾತ್ರಿಯ ಲಾಗಿನ್ ವೈಫಲ್ಯ, ಆ ಹೊತ್ತಿನಲ್ಲಿ ನಿಮ್ಮ ಸಹಾಯ ಕೇಂದ್ರ ಕೊಟ್ಟ ತಪ್ಪು ಸಲಹೆ, ಮತ್ತು ಆಮೇಲೆ ದಾಖಲಾದ ಸುಳ್ಳು ಅವಧಿ.

ಮಾನ್ಯರೇ,

ನಾನು ಆರು ವರ್ಷಗಳಿಂದ ನಿಮ್ಮ ಆನ್‌ಲೈನ್ ಆಟದ ಸೇವೆಯ ಚಂದಾದಾರ. ನಿಮಗೆ ದೂರು ಬರೆಯುತ್ತಿರುವುದು ಇದೇ ಮೊದಲು. ಸರ್ವರ್ ಕೆಟ್ಟಿತಲ್ಲ ಎಂದು ಜಗಳ ತೆಗೆಯಲು ಬರೆಯುತ್ತಿಲ್ಲ; ಯಂತ್ರ ಅಂದ ಮೇಲೆ ಕೆಡುತ್ತದೆ, ಅದು ನನಗೂ ಗೊತ್ತು. ಆದರೆ ಕೆಟ್ಟಿದ್ದು ನಿಮ್ಮ ಕಡೆ ಆಗಿದ್ದಾಗ, ತೊಂದರೆ ನಮ್ಮ ಮನೆಯಲ್ಲೇ ಇದೆ ಎಂದು ನಮ್ಮನ್ನು ನಂಬಿಸಿದಿರಿ. ಮುಗಿದ ಮೇಲೆ ನಾಲ್ಕೂವರೆ ಗಂಟೆಯ ವ್ಯತ್ಯಯವನ್ನು 38 ನಿಮಿಷ ಎಂದು ಬರೆದುಕೊಂಡಿರಿ. ನನ್ನ ದೂರು ಇವೆರಡರ ಮೇಲೆ.

ಪ್ರತಿ ಶನಿವಾರ ರಾತ್ರಿ 9ಕ್ಕೆ ನಾನು ಮತ್ತು ಬೇರೆ ಊರಿನಲ್ಲಿರುವ ನನ್ನ ತಂಗಿ ಆಟಕ್ಕೆ ಕೂರುತ್ತೇವೆ. ಅವಳು ಕೆಲಸಕ್ಕೆಂದು ಮನೆ ಬಿಟ್ಟ ಮೇಲೆ ನಾವಿಬ್ಬರೂ ಗಡಿಬಿಡಿಯಿಲ್ಲದೆ ಮಾತಾಡುವ ಹೊತ್ತು ಅದೊಂದೇ. ಹೆಡ್‌ಫೋನ್ ಹಾಕಿಕೊಂಡು ಆಡುತ್ತಾ ಅವಳು ಆಫೀಸಿನ ಕಷ್ಟ ಹೇಳುತ್ತಾಳೆ, ನಾನು ಅಪ್ಪನ ಆರೋಗ್ಯದ ಸುದ್ದಿ ಹೇಳುತ್ತೇನೆ. ಫೋನಿನಲ್ಲಿ ಐದು ನಿಮಿಷಕ್ಕೆ ಮುಗಿದುಹೋಗುವ ಮಾತು ಆಟದ ನೆಪದಲ್ಲಿ ಎರಡು ಗಂಟೆ ನಡೆಯುತ್ತದೆ. ನಿಮ್ಮ ಲೆಕ್ಕದಲ್ಲಿ ನಾವು ಎರಡು ಖಾತೆಗಳು. ನಮಗೆ ಅದು ವಾರದ ಭೇಟಿ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ‘ಆಟ ತಾನೇ, ನಾಳೆ ಆಡಿದರಾಯಿತು’ ಎನ್ನುವ ಧಾಟಿ ನಿಮ್ಮ ಸಿಬ್ಬಂದಿಯ ಉತ್ತರದಲ್ಲಿ ಎದ್ದು ಕಾಣುತ್ತಿತ್ತು.

ಆ ರಾತ್ರಿ 9:10ಕ್ಕೆ ರ‍್ಯಾಂಕ್ ಮ್ಯಾಚಿನ ನಟ್ಟನಡುವೆ ಇಬ್ಬರೂ ಒಂದೇ ಕ್ಷಣಕ್ಕೆ ಹೊರಬಿದ್ದೆವು. ಮತ್ತೆ ಲಾಗಿನ್ ಆಗಲು ಹೋದರೆ ‘ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಎಂದು ಬಂತು. ನನ್ನ ಪಾಸ್‌ವರ್ಡ್ ಸರಿಯಿತ್ತು. ಆದರೂ ಎದೆ ಧಸಕ್ಕೆಂದಿತು. ಖಾತೆಗೆ ಯಾರೋ ಕನ್ನ ಹಾಕಿದರು, ಆರು ವರ್ಷ ಕೂಡಿಸಿದ್ದೆಲ್ಲ ಹೋಯಿತು ಎಂದುಕೊಂಡೆ. ಪಾಸ್‌ವರ್ಡ್ ಬದಲಿಸಲು ಕೋರಿದೆ. ಅದರ ಮೇಲ್ ಬರಲಿಲ್ಲ. ಹತ್ತು ಸಲ ಪ್ರಯತ್ನಿಸಿದ ಮೇಲೆ ‘ಅತಿಯಾದ ಪ್ರಯತ್ನ’ ಎಂದು ಖಾತೆಯೇ ಲಾಕ್ ಆಯಿತು.

ಈ ಒಂದು ಸಂದೇಶದ ಬಗ್ಗೆ ನಿಮ್ಮ ಎಂಜಿನಿಯರುಗಳು ಯೋಚಿಸಲೇಬೇಕು. ವೆಬ್‌ನ ಭಾಷೆಯಲ್ಲೇ ಇದಕ್ಕೆ ಬೇರೆ ಬೇರೆ ಸಂಖ್ಯೆಗಳಿವೆ. 401 ಎಂದರೆ ಬಂದವರ ಗುರುತು ದೃಢಪಟ್ಟಿಲ್ಲ ಎಂದರ್ಥ. 503 ಎಂದರೆ ಸೇವೆಯೇ ಸದ್ಯಕ್ಕೆ ಲಭ್ಯವಿಲ್ಲ ಎಂದರ್ಥ. ಗುರುತು ಪರಿಶೀಲಿಸುವ ನಿಮ್ಮ ಸರ್ವರ್ ಉತ್ತರ ಕೊಡದೆ ಬಿದ್ದಿದ್ದಾಗ, ಅದನ್ನು ‘ಪಾಸ್‌ವರ್ಡ್ ಸರಿಯಿಲ್ಲ’ ಎಂದು ನಮಗೆ ತೋರಿಸುವುದು ತಪ್ಪು ಮಾಹಿತಿ. ಅದರಿಂದ ಜನ ಗಾಬರಿಯಾಗುತ್ತಾರೆ, ಗಾಬರಿಯಾದವರು ಸಿಕ್ಕ ಲಿಂಕ್ ಒತ್ತುತ್ತಾರೆ. ನಮ್ಮ ಗುಂಪಿನ ಒಬ್ಬ ಹುಡುಗನಿಗೆ ಅದೇ ರಾತ್ರಿ ‘ಖಾತೆ ಮರಳಿ ಪಡೆಯಿರಿ’ ಎಂಬ ಸಂದೇಶ ಬಂತು. ನಿಮ್ಮ ಲೋಗೊ ಇತ್ತು, ವಿಳಾಸ ನಿಮ್ಮದಾಗಿರಲಿಲ್ಲ. ಅವನು ನನ್ನನ್ನು ಕೇಳಿದ್ದಕ್ಕೆ ಉಳಿದುಕೊಂಡ.

ಗಾಬರಿ ಇಳಿದ ಮೇಲೆ ನಾನೇ ಪರೀಕ್ಷೆಗೆ ಕೂತೆ. ಬೇರೆ ಸೈಟುಗಳೆಲ್ಲ ತೆರೆಯುತ್ತಿದ್ದವು. ಹೊರಗಿನ ಸರ್ವರುಗಳಿಗೆ ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು) ಎಂದಿನಂತೆ ಇತ್ತು, ಕಳಿಸಿದ ಮಾಹಿತಿಯ ಒಂದು ತುಣುಕು (ಪ್ಯಾಕೆಟ್) ಕೂಡ ಕಳೆಯಲಿಲ್ಲ. ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೋಡಿದೆ, ಅದೇ ದೋಷ. ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಇರುವ ಮೂವರು ಗೆಳೆಯರಿಗೆ ಮೆಸೇಜ್ ಹಾಕಿದೆ, ಮೂವರಿಗೂ ಅದೇ ದೋಷ. ತೊಂದರೆ ನಿಮ್ಮ ಕಡೆಯದು ಎಂದು 9:35ರ ಹೊತ್ತಿಗೆ ನನಗೆ ಖಚಿತವಾಗಿತ್ತು. ಒಬ್ಬ ಸಾಮಾನ್ಯ ಆಟಗಾರನಿಗೆ 25 ನಿಮಿಷದಲ್ಲಿ ತಿಳಿದದ್ದು, ಪ್ರತಿ ಸೆಕೆಂಡಿಗೆ ಎಷ್ಟು ಲಾಗಿನ್ ಆಗುತ್ತಿದೆ ಎಂದು ಲೆಕ್ಕ ಇಡುವ ನಿಮಗೆ ತಿಳಿದಿರಲಿಲ್ಲ ಎಂದರೆ ನಂಬುವುದು ಕಷ್ಟ. ಲಾಗಿನ್ ಸಂಖ್ಯೆ ಏಕಾಏಕಿ ನೆಲಕ್ಕಿಳಿದರೆ ಕೂಗಿ ಹೇಳುವ ಅಲಾರಂ ದೊಡ್ಡ ಸೇವೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ನಿಮ್ಮಲ್ಲಿ ಇಲ್ಲವಾದರೆ ಅದೂ ಒಂದು ದೂರು.

ಆಗ, ಯಾವ ಸೇವೆ ನಡೆಯುತ್ತಿದೆ, ಯಾವುದು ಕೆಟ್ಟಿದೆ ಎಂದು ತೋರಿಸುವ ನಿಮ್ಮ ಸ್ಟೇಟಸ್ ಪೇಜ್ ತೆರೆದೆ. ಲಾಗಿನ್, ಮ್ಯಾಚ್‌ಮೇಕಿಂಗ್, ಗೆಳೆಯರ ಪಟ್ಟಿ, ಸ್ಟೋರ್, ಕ್ಲೌಡ್ ಸೇವ್, ಎಲ್ಲದರ ಮುಂದೆಯೂ ಹಸಿರು ಚುಕ್ಕೆ. ‘ಎಲ್ಲ ಸೇವೆಗಳೂ ಸರಿಯಾಗಿ ನಡೆಯುತ್ತಿವೆ’ ಎಂಬ ಸಾಲು. ಹತ್ತು ನಿಮಿಷಕ್ಕೊಮ್ಮೆ ನೋಡಿದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟೆ, ಅವೆಲ್ಲವನ್ನೂ ಲಗತ್ತಿಸಿದ್ದೇನೆ. 11:52ರವರೆಗೆ ಆ ಹಸಿರು ಕದಲಲಿಲ್ಲ. ನಮ್ಮಂಥವರು ಆ ಪೇಜಿಗೆ ಬರುವುದು ಒಂದೇ ಒಂದು ಪ್ರಶ್ನೆ ಹಿಡಿದು: ತೊಂದರೆ ನನ್ನದೋ, ನಿಮ್ಮದೋ? ‘ನಿಮ್ಮದೇ’ ಎಂದು ಎರಡೂ ಮುಕ್ಕಾಲು ಗಂಟೆ ಹೇಳುತ್ತಲೇ ಇದ್ದಿರಿ.

ಅದನ್ನು ನಂಬಿದ್ದಕ್ಕೆ ನನ್ನ ತಂಗಿ ಬೆಲೆ ತೆತ್ತಳು. ಅವಳು ನಿಮ್ಮ ಸಹಾಯದ ಚಾಟ್‌ಗೆ ಹೋದಳು. ಮೊದಲು ಬಾಟ್, ಆಮೇಲೆ ಮನುಷ್ಯರು. ನಮ್ಮ ಸರ್ವರುಗಳಲ್ಲಿ ತೊಂದರೆಯಿಲ್ಲ, ನಿಮ್ಮ ನೆಟ್‌ವರ್ಕ್ ಪರೀಕ್ಷಿಸಿ ಎಂದರು. ರೂಟರ್ ಆಫ್ ಮಾಡಿ ಆನ್ ಮಾಡಿಸಿದರು. ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೆಟ್ಟಿಂಗ್ ಬದಲಾಯಿಸಲು ಹೇಳಿದರು. ಆಟವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಲು ಹೇಳಿದರು. ಕೊನೆಗೆ, ರೂಟರಿನ ಹಿಂದಿರುವ ಸಣ್ಣ ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿದು ಫ್ಯಾಕ್ಟರಿ ರೀಸೆಟ್ ಮಾಡಿ ಎಂದರು. ಮಾಡಿದಳು. ರೀಸೆಟ್ ಆದ ರೂಟರಿನಿಂದ ಇಂಟರ್ನೆಟ್ ಕಂಪನಿಯವರು ಹಾಕಿಟ್ಟಿದ್ದ ಬಳಕೆದಾರ ಹೆಸರು, ಪಾಸ್‌ವರ್ಡ್, ಎಲ್ಲವೂ ಅಳಿಸಿಹೋದವು. ಅವಳೊಂದಿಗೆ ಆ ಮನೆಯಲ್ಲಿ ಇನ್ನೂ ಮೂವರು ಹೆಣ್ಣುಮಕ್ಕಳಿದ್ದಾರೆ. ಅದರಲ್ಲಿ ಒಬ್ಬಳಿಗೆ ಭಾನುವಾರ ಬೆಳಿಗ್ಗೆ ಮನೆಯಿಂದಲೇ ಕೆಲಸವಿತ್ತು. ಸೋಮವಾರ ಮಧ್ಯಾಹ್ನ ಟೆಕ್ನಿಷಿಯನ್ ಬರುವವರೆಗೆ ಇಡೀ ಮನೆಗೆ ಇಂಟರ್ನೆಟ್ ಇರಲಿಲ್ಲ.

ಚಾಟ್‌ನಲ್ಲಿ ಕೂತಿದ್ದ ನಿಮ್ಮ ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದಿದ್ದದ್ದೂ ಅದೇ ಹಸಿರು ಚುಕ್ಕೆ. ಒಳಗಿನವರಿಗೇ ನಿಜ ಹೇಳದೆ ಅವರನ್ನು ಗ್ರಾಹಕರ ಮುಂದೆ ಕೂರಿಸಿದ್ದು ತಪ್ಪು, ಆ ತಪ್ಪು ಮೇಲಿನವರದು. ಆದರೆ ಒಂದು ಮಾತು. ಒಂದೇ ಗಂಟೆಯಲ್ಲಿ ಒಂದೇ ದೋಷ ಹೇಳಿಕೊಂಡು ಸಾಲುಗಟ್ಟಿ ಜನ ಬಂದಾಗ, ಎಲ್ಲರ ರೂಟರೂ ಒಟ್ಟಿಗೆ ಕೆಡುವುದುಂಟೇ ಎಂದು ಯಾರಿಗೂ ಅನ್ನಿಸಲಿಲ್ಲವೇ?

11:52ಕ್ಕೆ ಹಸಿರು ಹಳದಿಯಾಯಿತು. ‘ಕೆಲವು ಬಳಕೆದಾರರಿಗೆ ಲಾಗಿನ್ ನಿಧಾನವಾಗಬಹುದು’ ಎಂದು ಬರೆದಿದ್ದಿರಿ. ನಿಧಾನವಾಗಿರಲಿಲ್ಲ, ಆಗುತ್ತಲೇ ಇರಲಿಲ್ಲ. 12:30ಕ್ಕೆ ‘ಪರಿಹರಿಸಲಾಗಿದೆ’ ಎಂದು ಮತ್ತೆ ಹಸಿರು. ಆದರೆ ನನಗೂ ಗೆಳೆಯರಿಗೂ ಒಳಗೆ ಹೋಗಲು ಸಾಧ್ಯವಾದದ್ದು 1:40ಕ್ಕೆ. ಸೋಮವಾರ ನಿಮ್ಮ ಹಳೆಯ ಘಟನೆಗಳ ಪಟ್ಟಿ ನೋಡಿದೆ. ಅಲ್ಲಿ ಆ ರಾತ್ರಿಯ ಅವಧಿ 38 ನಿಮಿಷ. ಹಳದಿ ಇದ್ದಷ್ಟು ಹೊತ್ತು ಮಾತ್ರ.

ಈ 38 ಎಲ್ಲಿ ಕೂಡುತ್ತದೆ ಎಂದು ಲೆಕ್ಕ ಹಾಕಿದೆ. ತಿಂಗಳಿಗೆ ಶೇ. 99.9ರಷ್ಟು ಹೊತ್ತು ಸೇವೆ ಲಭ್ಯ ಎಂದು ನಿಮ್ಮ ಚಂದಾ ಪುಟದಲ್ಲಿ ಹೇಳಿಕೊಂಡಿದ್ದೀರಿ. 30 ದಿನದ ತಿಂಗಳಲ್ಲಿ 43,200 ನಿಮಿಷಗಳಿವೆ; ಅದರಲ್ಲಿ ಶೇ. 0.1 ಎಂದರೆ 43 ನಿಮಿಷ ಚಿಲ್ಲರೆ. 38 ನಿಮಿಷ ಆ ಮಿತಿಯೊಳಗೆ ಬರುತ್ತದೆ. ನಿಜವಾದ 270 ನಿಮಿಷ ಹಿಡಿದರೆ ಲಭ್ಯತೆ ಶೇ. 99.4ಕ್ಕೂ ಕೆಳಗಿಳಿಯುತ್ತದೆ, ನೀವು ಕೊಟ್ಟ ಮಾತು ಮುರಿಯುತ್ತದೆ. ಬೇಕೆಂದೇ ಹೀಗೆ ಬರೆದಿರಿ ಎಂದು ನಾನು ಆರೋಪಿಸುತ್ತಿಲ್ಲ. ಆದರೆ ಚುಕ್ಕೆಯ ಬಣ್ಣ ಯಾವಾಗ ಬದಲಾಗಬೇಕೆಂದು ನಿರ್ಧರಿಸುವವರೂ, ಅದರಿಂದ ಲಭ್ಯತೆಯ ಲೆಕ್ಕ ಹಾಕುವವರೂ ನೀವೇ ಆಗಿರುವಾಗ, ಆ ಲೆಕ್ಕವನ್ನು ಗ್ರಾಹಕ ಹೇಗೆ ನಂಬಬೇಕು?

ಸ್ಟೇಟಸ್ ಪೇಜ್ ಹಸಿರಾಗಿಯೇ ಉಳಿಯಲು ಇನ್ನೊಂದು ಕಾರಣವೂ ಇರಬಹುದು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಸುಮಾರು ನಾಲ್ಕು ಗಂಟೆ ಬಿದ್ದಿತ್ತು. ಆಗ ಮೊದಲ ಸುಮಾರು ಎರಡು ಗಂಟೆ ಅವರ ಸ್ಟೇಟಸ್ ಪೇಜಿನಲ್ಲಿ ಸೇವೆಗಳ ಸ್ಥಿತಿಯನ್ನು ಬದಲಿಸಲೇ ಆಗಲಿಲ್ಲ, ಏಕೆಂದರೆ ಅದನ್ನು ಬದಲಿಸುವ ವ್ಯವಸ್ಥೆಯೂ ಬಿದ್ದುಹೋದ ಎಸ್3ಯನ್ನೇ ನೆಚ್ಚಿಕೊಂಡಿತ್ತು. ಅವರು ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪಾಗಿ ಕೊಟ್ಟ ಒಂದು ಕಮಾಂಡ್‌ನಿಂದ ಆದದ್ದೆಂದೂ ಹೇಳಿದರು. 2021ರ ಅಕ್ಟೋಬರ್‌ನಲ್ಲಿ ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟದ ವೇದಿಕೆ 73 ಗಂಟೆ ನಿಂತುಹೋಯಿತು. ಮುಂದಿನ ಜನವರಿಯಲ್ಲಿ ಅವರು ಎಳೆ ಎಳೆಯಾಗಿ ವರದಿ ಕೊಟ್ಟರು: ಸರ್ವರುಗಳು ಒಂದನ್ನೊಂದು ಹುಡುಕಿಕೊಳ್ಳಲು ಬಳಸುವ ಕಾನ್ಸಲ್ ಎಂಬ ವ್ಯವಸ್ಥೆ ಹೊರೆ ತಾಳದೆ ಕುಸಿದದ್ದು, ಕಾರಣ ಹುಡುಕಲು ಬೇಕಾದ ನಿಗಾ ವ್ಯವಸ್ಥೆಗಳೂ ಅದನ್ನೇ ನೆಚ್ಚಿಕೊಂಡಿದ್ದರಿಂದ ಕುರುಡಾದದ್ದು, ಕೊನೆಗೆ ಆಟಗಾರರನ್ನು ಒಟ್ಟಿಗೆ ನುಗ್ಗಲು ಬಿಡದೆ ಹಂತ ಹಂತವಾಗಿ ಒಳಗೆ ಬಿಟ್ಟದ್ದು. ಮೂರು ದಿನ ಆಟ ಕಳೆದುಕೊಂಡವರಿಗೂ ಅಂಥ ವರದಿ ಓದಿದರೆ ಒಂದು ಸಮಾಧಾನ. ನಿಮ್ಮಿಂದ ನನಗೆ ಬಂದದ್ದು ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಒಂದು ಸಾಲು.

ನಿಮ್ಮ ವ್ಯವಸ್ಥೆಯಲ್ಲೂ ಸ್ಟೇಟಸ್ ಪೇಜ್ ಮತ್ತು ಆಟದ ಸರ್ವರುಗಳು ಒಂದೇ ಕಂಬಕ್ಕೆ ಒರಗಿ ನಿಂತಿದ್ದರೆ ದಯವಿಟ್ಟು ಬೇರೆ ಮಾಡಿ. ಆಟ ಬಿದ್ದಾಗಲೂ ನಿಲ್ಲುವಂತೆ ಬೇರೆ ಕಡೆ, ಬೇರೆ ವಿಳಾಸದಲ್ಲಿ ಇಡಿ. ಚುಕ್ಕೆಯ ಬಣ್ಣ ಬದಲಿಸಲು ಅಧಿಕಾರಿಯೊಬ್ಬರ ಒಪ್ಪಿಗೆಗೆ ಕಾಯುವಂತಿರಬಾರದು. ಹೊರಗಿನಿಂದ ಪ್ರತಿ ನಿಮಿಷ ಒಂದು ಪರೀಕ್ಷಾ ಖಾತೆ ನಿಜವಾಗಿ ಲಾಗಿನ್ ಆಗಿ ನೋಡಲಿ, ಸತತವಾಗಿ ಸೋತರೆ ಬಣ್ಣ ತಾನಾಗಿ ಬದಲಾಗಲಿ. ಕಾರಣ ತಿಳಿಯುವವರೆಗೆ ಕಾರಣ ಹೇಳಬೇಡಿ, ಪರವಾಗಿಲ್ಲ. ‘ಲಾಗಿನ್ ಆಗುತ್ತಿಲ್ಲ, ತೊಂದರೆ ನಮ್ಮ ಕಡೆಯದು, ನೀವು ಏನೂ ಬದಲಿಸಬೇಡಿ, ಮುಂದಿನ ಸುದ್ದಿ ಅರ್ಧ ಗಂಟೆಯಲ್ಲಿ’ ಎಂದು ನಾಲ್ಕು ಮಾತು ಹಾಕಿದ್ದರೆ ನನ್ನ ತಂಗಿ ಆ ಗುಂಡಿ ಒತ್ತುತ್ತಿರಲಿಲ್ಲ.

ಇನ್ನು ನಮ್ಮ ಖಾತೆಗಳ ವಿಚಾರ. ಮ್ಯಾಚ್ ಅರ್ಧಕ್ಕೆ ಬಿಟ್ಟೆವೆಂದು ಇಬ್ಬರ ರ‍್ಯಾಂಕ್ ಅಂಕ ಕಡಿತವಾಗಿದೆ, ನನಗೆ 24 ಗಂಟೆ ನಿಷೇಧವೂ ಆಯಿತು. ಬಿಟ್ಟುಹೋದವರು ನಾವಲ್ಲ. ಆ ಅವಧಿಯಲ್ಲಿ ಬಿದ್ದ ಎಲ್ಲ ದಂಡಗಳನ್ನೂ, ದೂರು ಕೊಟ್ಟವರದು ಮಾತ್ರವಲ್ಲದೆ ಎಲ್ಲರದ್ದನ್ನೂ, ತೆಗೆದುಹಾಕಿ. ಯಾರು ಯಾವ ಕ್ಷಣ ಹೊರಬಿದ್ದರು ಎಂಬುದು ನಿಮ್ಮ ಲಾಗ್‌ಗಳಲ್ಲೇ ಇರುತ್ತದೆ. ದಿನವೂ ಲಾಗಿನ್ ಆದವರಿಗೆ ಸಿಗುವ ಸರಣಿ ಬಹುಮಾನ ತಪ್ಪಿದವರಿಗೂ ಅದನ್ನು ಮರಳಿಸಿ. ಇನ್ನೊಂದು ಸಂಗತಿಯೂ ಇದೆ. ಒಬ್ಬರೇ ಕೂತು ಆಡುವ, ಇಂಟರ್ನೆಟ್ಟಿನ ಅಗತ್ಯವೇ ಇಲ್ಲದ ಆಟಗಳೂ ಅಂದು ತೆರೆಯಲಿಲ್ಲ. ಪರವಾನಗಿ ಪರೀಕ್ಷೆಗೆ ಅವೂ ಅದೇ ಲಾಗಿನ್ ಸರ್ವರಿನ ಬಾಗಿಲು ತಟ್ಟುತ್ತವೆ. ಒಮ್ಮೆ ದುಡ್ಡು ಕೊಟ್ಟು ಕೊಂಡ ಆಟಕ್ಕೆ ಕೆಲವು ದಿನಗಳ ಆಫ್‌ಲೈನ್ ಅವಕಾಶವಾದರೂ ಇರಲೇಬೇಕು.

ಪರಿಹಾರದ ಮಾತು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ನನಗೆ ಅದು ದೊಡ್ಡದಲ್ಲ. 2025ರ ಫೆಬ್ರವರಿಯಲ್ಲಿ ಸೋನಿ ಕಂಪನಿಯ ಆನ್‌ಲೈನ್ ಆಟದ ಸೇವೆಯಾದ ಪ್ಲೇಸ್ಟೇಷನ್ ನೆಟ್‌ವರ್ಕ್ ಸುಮಾರು ಒಂದು ದಿನ ನಿಂತಾಗ ಸೋನಿ ತನ್ನ ಪ್ಲಸ್ ಚಂದಾದಾರರಿಗೆ ಕೇಳದೆಯೇ ಐದು ದಿನ ಹೆಚ್ಚುವರಿಯಾಗಿ ಕೊಟ್ಟಿತ್ತು. ನೀವು ಎಷ್ಟು ದಿನ ಕೊಡುತ್ತೀರೋ ನಿಮಗೆ ಬಿಟ್ಟದ್ದು, ಆದರೆ ಅರ್ಜಿ ಹಾಕಿದವರಿಗಷ್ಟೇ ಎನ್ನಬೇಡಿ. ನನ್ನ ತಂಗಿಯ ಮನೆಗೆ ಬಂದ ಟೆಕ್ನಿಷಿಯನ್‌ಗೆ ಕೊಟ್ಟ ಹಣದ ರಸೀದಿಯನ್ನು ಲಗತ್ತಿಸಿದೆ. ಅದನ್ನು ನೀವು ಭರಿಸಬೇಕು. ನಿಮ್ಮ ಸಿಬ್ಬಂದಿ ರೀಸೆಟ್ ಮಾಡಲು ಹೇಳಿದ ಚಾಟ್‌ನ ಪ್ರತಿಯೂ ಜೊತೆಗಿದೆ.

ಎಲ್ಲಕ್ಕಿಂತ ಮೊದಲು ಆ 38 ಅನ್ನು ತಿದ್ದಿ. ರಾತ್ರಿ 9:10ರಿಂದ 1:40, 270 ನಿಮಿಷ ಎಂದು ಬರೆಯಿರಿ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಬಾರದಿದ್ದರೆ ಇದೇ ಪತ್ರವನ್ನು ಲಗತ್ತುಗಳ ಸಮೇತ ಗ್ರಾಹಕರ ದೂರು ವಿಚಾರಿಸುವ ಪ್ರಾಧಿಕಾರಕ್ಕೆ ಸಲ್ಲಿಸಿ, ಇಬ್ಬರ ಚಂದಾವನ್ನೂ ನಿಲ್ಲಿಸುತ್ತೇವೆ. ಹಾಗಾಗುವುದು ನನಗೆ ಇಷ್ಟವಿಲ್ಲ. ಶನಿವಾರ ರಾತ್ರಿ 9ಕ್ಕೆ ನಾವಿಬ್ಬರೂ ಇನ್ನೂ ನಿಮ್ಮ ಆಟಕ್ಕೇ ಬಂದು ಕೂರುತ್ತಿದ್ದೇವೆ.

ಇಂತಿ,
ನಿಮ್ಮ ಸೇವೆಯ ಚಂದಾದಾರ

ಲಗತ್ತುಗಳು: ಸ್ಟೇಟಸ್ ಪೇಜಿನ ಸ್ಕ್ರೀನ್‌ಶಾಟ್‌ಗಳು, ಚಾಟ್‌ನ ಪ್ರತಿ, ಟೆಕ್ನಿಷಿಯನ್ ರಸೀದಿ, ಎರಡೂ ಖಾತೆಗಳ ವಿವರ