ಬಾಯಿಗೆ ಹೊರಳದ ಹೆಸರು

ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಮಗಳಿಗೆ ಜ಼ೋಫಿಯಾ ಅಂತ ಹೆಸರಿಟ್ಟದ್ದು ಹೇಳಿದಾಗ ನಾನು ‘ಮಗೂನ ಸೋಫಾ ಅಂತ ಕರೀಬೇಕಾ?’ ಅಂದುಬಿಟ್ಟೆ. ನೀನು ಪಟ್ಟನೆ ಫೋನ್ ಇಟ್ಟೆ. ಇಡಬೇಕಾದದ್ದೇ. ಅವತ್ತಿನಿಂದ ನಿಮ್ಮಪ್ಪ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ಆಮೇಲೆ ಕೂತು ಓದಿದೆ. ಜ಼ೋಫಿಯಾ ಮೂಲದಲ್ಲಿ ಗ್ರೀಕ್‌ನ ಸೋಫಿಯಾ. ಅಂದ್ರೆ ತಿಳಿವು, ವಿವೇಕ. ಮುದ್ದಿಗೆ ಜ಼ೋಶಾ, ಕೂಗುವಾಗ ‘ಜ಼ೋಶು!’ ಪೋಲೆಂಡಿನ ನಿಮ್ಮ ಕ್ರಾಕೋವ್‌ನಲ್ಲೇ, ವಾವೆಲ್ ಗುಡ್ಡದ ಮೇಲಿನ ಕೆಥೆಡ್ರಲ್‌ನಲ್ಲಿ, 1424ರಲ್ಲಿ ಜ಼ೋಫಿಯಾ ಅನ್ನೋ ರಾಣಿಗೆ ಕಿರೀಟ ಇಟ್ಟಿದ್ದರು. ಹಳೇ ಪೋಲಿಷ್‌ನ ಒಂದು ಬೈಬಲ್ಲಿಗೆ ಇವತ್ತಿಗೂ ಅವಳದೇ ಹೆಸರು. ಅಳಿಯಂದಿರ ಅಜ್ಜಿಯ ಹೆಸರು ಅಂತ ನೀನು ಹೇಳುತ್ತಿದ್ದೆ, ನಾನೇ ಪೂರ್ತಿ ಕೇಳಲಿಲ್ಲ.

ನಿನ್ನ ತೊಟ್ಟಿಲು ಶಾಸ್ತ್ರದ ದಿನ ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಲ್ಲಿ ಹೆಸರು ಬರೆಸಿದರು. ನಿಮ್ಮಜ್ಜಿ ಹೇಳಿದ ಹೆಸರನ್ನೇ ನಿಮ್ಮಪ್ಪ ಬರೆದರು. ನನ್ನ ಮನಸ್ಸಲ್ಲಿ ಬೇರೆ ಇತ್ತು. ಕಿವಿಗೆ ಹತ್ತಿ ಇಟ್ಟುಕೊಂಡು ಸುಮ್ನೆ ಕೂತಿದ್ದೆ. ಉಂಗುರ ನನ್ನ ಕೈಗೆ ಬರಲೇ ಇಲ್ಲ. ಅದರ ಹರಳಿನ ಸಂದಿಯಲ್ಲಿ ಒಂದು ಅಕ್ಕಿ ನುಚ್ಚು ಸಿಕ್ಕಿಕೊಂಡಿತ್ತು, ಅದನ್ನೇ ನೋಡುತ್ತಿದ್ದೆ. ಆ ಹೆಸರನ್ನು ಯಾರಿಗೂ ಹೇಳಲಿಲ್ಲ. ಮೊಮ್ಮಗಳಿಗೆ ಇಡೋಣ ಅಂತ ಮೂವತ್ತೊಂದು ವರ್ಷ ಒಳಗೇ ಇಟ್ಟುಕೊಂಡೆ. ನಿನಗೂ ಹೇಳಲಿಲ್ಲವಲ್ಲ, ನೀನು ಹೇಗೆ ಇಡುತ್ತೀಯ? ಅವತ್ತು ನನ್ನ ಬಾಯಿ ಕಟ್ಟಿದರು ಅಂತ ಇಷ್ಟು ವರ್ಷ ಗೊಣಗಿದೆ. ಈಗ ನಿನ್ನ ಮಗಳ ಹೆಸರಿಗೆ ನಾನೇ ಮೂಗು ಮುರಿದೆ. ತಪ್ಪಾಯ್ತು ಮಗಳೇ.

ಇನ್ನೊಂದು ಮಾತು. ಮೇ 15 ಅಲ್ಲಿ ಜ಼ೋಫಿಯಾಗಳ ಹೆಸರಿನ ದಿನ, ಆ ಹೆಸರಿನವರಿಗೆಲ್ಲ ಹಬ್ಬ. ಅವತ್ತಿಗೆ ‘ಚಳಿ ಜ಼ೋಶ್ಕಾ’ ಅಂತಲೂ ಹೆಸರಿದೆ. ಆ ಹೊತ್ತಿಗೆ ಮತ್ತೆ ಮಂಜು ಬೀಳಬಹುದು ಅಂತ, ಅದು ಕಳೆಯೋವರೆಗೂ ಟೊಮೆಟೊ ಸಸಿಯನ್ನೂ ಹೊರಗೆ ನೆಡುವುದಿಲ್ಲ. ಸಸಿಗೇ ಅಷ್ಟು ಜೋಪಾನ! ನೀನು ಕಳಿಸಿದ ಫೋಟೋದಲ್ಲಿ ಮಗು ತಲೆ ಮೇಲೆ ಟೋಪಿಯೇ ಇಲ್ಲ. ಕಿವಿ ಮುಚ್ಚು. ಎಣ್ಣೆ ಬೆಚ್ಚಗೆ ಮಾಡಿಕೋ, ನೆತ್ತಿಗೆ ಜಾಸ್ತಿ ಹಾಕು. ನೀನೂ ತಣ್ಣೀರು ಮುಟ್ಟಬೇಡ, ಹೊತ್ತು ಹೊತ್ತಿಗೆ ಊಟ ಮಾಡು, ಅಲ್ಲಿ ಯಾರೂ ಹೇಳಲ್ಲ ಅಂತ... ಅಯ್ಯೋ, ಮತ್ತೆ ಶುರು ಮಾಡಿದೆ ಅಲ್ವಾ?

ಅಷ್ಟು ದೂರದಲ್ಲಿ ಒಬ್ಬಳೇ ಹೆರಿಗೆ, ಬಾಣಂತನ ಎಲ್ಲಾ ನಿಭಾಯಿಸಿದೆ. ನನ್ನ ಕೈಲಿ ಆಗುತ್ತಿರಲಿಲ್ಲ.

ಪಾತ್ರೆ ತೊಳೆಯುವಾಗ ಅಭ್ಯಾಸ ಮಾಡುತ್ತಿದ್ದೇನೆ. ಜ಼ ಬರುವುದಿಲ್ಲ, ಜೋಶು ಅಂತಲೇ ಆಗುತ್ತದೆ. ನಿನ್ನೆ ಪಕ್ಕದ ಮನೆ ಬೆಕ್ಕು ತಿರುಗಿ ನೋಡಿತು. ಮುಂದಿನ ಸಲ ಫೋನನ್ನು ಮಗು ಕಡೆ ಹಿಡಿ. ನಾನು ಕರೆಯುತ್ತೇನೆ, ನೀನು ತಿದ್ದು.

ನಿನ್ನ
ಅಮ್ಮ