ಲಂಚ ಮುಟ್ಟದ ಕೈ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿವೃತ್ತಿಯ ದಿನ ಕಚೇರಿಯವರು ಶಾಲು ಹೊದಿಸಿದ್ದಕ್ಕಿಂತ, ಅಂದು ನೀನು ಆಡಿದ ಮಾತೇ ನಿನ್ನ ಪತ್ರದಲ್ಲಿ ಹೆಚ್ಚು ಜಾಗ ಹಿಡಿದಿದೆ: "ಇಷ್ಟು ವರ್ಷಗಳ ಸೇವೆಯಲ್ಲಿ ಒಬ್ಬರ ಒಂದು ರೂಪಾಯಿ ಮುಟ್ಟಲಿಲ್ಲ." ಅದು ಅಕ್ಷರಶಃ ನಿಜವೆಂದು ನಾನು ಬಲ್ಲೆ. ಪತ್ರದ ಕೊನೆಯಲ್ಲಿ, ಚೀನಾದ ಹಳೆಯ ಕಾದಂಬರಿಗಳಲ್ಲಿ ಅಧಿಕಾರಿಗಳ ಲಂಚಕೋರತನವನ್ನು ಬಯಲಿಗೆಳೆದವು ಯಾವುವು, ಯಾವುದರಿಂದ ಓದಲು ಶುರು ಮಾಡಲಿ ಎಂದೂ ಕೇಳಿದ್ದೀಯೆ. ನಾನು ಇವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದವನು, ಮೂಲದ ಸೊಗಸಿನ ಬಗ್ಗೆ ಮಾತಾಡಲಾರೆ. ಕಥೆಯ ಬಗ್ಗೆ ಮಾತಾಡಬಲ್ಲೆ.

ಮೊದಲು ವು ಜಿಂಗ್‌ಜಿಯ 'ರುಲಿನ್ ವೈಷಿ', ಅಂದರೆ ಪಂಡಿತರ ಲೋಕದ ಅನಧಿಕೃತ ಚರಿತ್ರೆ. 1701ರಲ್ಲಿ ಹುಟ್ಟಿ 1754ರಲ್ಲಿ ತೀರಿಕೊಂಡ ಈತ ಬದುಕಿದ್ದು ಚಿಂಗ್ ಅರಸರ ಕಾಲದಲ್ಲಿ. ಕಥೆಯನ್ನು ಮಾತ್ರ ಹಿಂದಿನ ಮಿಂಗ್ ಅರಸರ ಕಾಲಕ್ಕೆ ತಳ್ಳಿದ. ಆಳುವವರನ್ನು ಆಡಿಕೊಳ್ಳುವವನಿಗೆ ಅಷ್ಟು ಎಚ್ಚರ ಬೇಕಲ್ಲವೇ? ಇದರಲ್ಲಿ ಫಾನ್ ಜಿನ್ ಎಂಬ ಐವತ್ತನಾಲ್ಕರ ಬಡಪಾಯಿ ಬರುತ್ತಾನೆ. ಇಪ್ಪತ್ತನೆಯ ವಯಸ್ಸಿನಿಂದ, ಸರ್ಕಾರಿ ಅಧಿಕಾರಕ್ಕೆ ದಾರಿಯಾಗುವ ಪರೀಕ್ಷೆ ಕಟ್ಟಿ ಕಟ್ಟಿ ಸೋತವನು, ಕೊನೆಗೊಮ್ಮೆ ಪ್ರಾಂತ್ಯ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿ ಮನೆಗೆ ಬಂದಾಗ, ಹಸಿದ ತಾಯಿಗೆ ಅಕ್ಕಿ ತರಲೆಂದು ಮೊಟ್ಟೆಯಿಡುವ ಕೋಳಿಯನ್ನು ಮಾರಲು ಸಂತೆಗೆ ಹೋಗಿರುತ್ತಾನೆ. ಸುದ್ದಿ ಓದಿದ್ದೇ ಅವನಿಗೆ ಹುಚ್ಚು ಹಿಡಿಯುತ್ತದೆ. ಚಪ್ಪಾಳೆ ತಟ್ಟಿ ನಗುತ್ತ ಓಡಿ ಕೆಸರಿನ ಹೊಂಡಕ್ಕೆ ಬೀಳುತ್ತಾನೆ. ಅವನು ಹೆದರುವ ಯಾರಾದರೂ ಕೆನ್ನೆಗೆ ಬಾರಿಸಿದರೆ ವಾಸಿಯಾದೀತೆಂದು ಮಾವನನ್ನು ಕರೆಸುತ್ತಾರೆ. ಮಾವ ವೃತ್ತಿಯಲ್ಲಿ ಕಟುಕ, ನಿನ್ನೆಯವರೆಗೂ ಅಳಿಯನನ್ನು ಬಾಯಿಗೆ ಬಂದಂತೆ ಬೈದವನು. ಇಂದು ಅಳಿಯ, ಪರೀಕ್ಷೆ ಗೆದ್ದವರ ಬಗ್ಗೆ ಜನ ನಂಬುವಂತೆ, ದೇವಲೋಕದ ನಕ್ಷತ್ರವಾಗಿಬಿಟ್ಟಿದ್ದಾನೆ, ಹೊಡೆಯುವುದು ಹೇಗೆ? ಧೈರ್ಯಕ್ಕೆಂದು ಎರಡು ಬಟ್ಟಲು ಹೆಂಡ ಕುಡಿದು ಒಂದೇಟು ಹಾಕುತ್ತಾನೆ, ಹಾಕಿದ ಕೈ ನೋಯತೊಡಗಿದಾಗ ದೇವರೇ ಮುನಿದನೆಂದು ನಡುಗಿ ಪಟ್ಟು ಹಾಕಿಸಿಕೊಳ್ಳುತ್ತಾನೆ. ಅದೇ ದಿನ ಊರಿನ ಸಿರಿವಂತನೊಬ್ಬ ತಾನಾಗಿ ಬಂದು ಐವತ್ತು ತಾಯಿಲ್ (ಚೀನಾದ ಹಳೆಯ ತೂಕದ ಅಳತೆ) ಬೆಳ್ಳಿಯನ್ನೂ ಒಂದು ಮನೆಯನ್ನೂ ಒಪ್ಪಿಸಿ ಹೋಗುತ್ತಾನೆ. ಲಂಚವೆಂಬ ಮಾತನ್ನು ಯಾರೂ ಆಡುವುದಿಲ್ಲ.

ಅದೇ ಪುಸ್ತಕದಲ್ಲಿ ವಾಂಗ್ ಹುಯಿ ಎಂಬವನು ನಾನ್‌ಚಾಂಗ್‌ಗೆ ಅಧಿಕಾರಿಯಾಗಿ ಬರುತ್ತಾನೆ. ಬಂದವನೇ ಹಿಂದಿನ ಅಧಿಕಾರಿಯ ಮಗನ ಬಳಿ, ಈ ಸೀಮೆಯಲ್ಲಿ ಹುಟ್ಟುವಳಿ ಏನಿದೆ, ವ್ಯಾಜ್ಯಗಳಲ್ಲಿ ಏನಾದರೂ ಗಿಟ್ಟುತ್ತದೆಯೇ ಎಂದು ವಿಚಾರಿಸುತ್ತಾನೆ. ನಮ್ಮ ತಂದೆಯ ಕಾಲದಲ್ಲಿ ಈ ಕಚೇರಿಯಲ್ಲಿ ಕವಿತೆಯ, ಚದುರಂಗದ, ಹಾಡಿನ ಸದ್ದು ಕೇಳುತ್ತಿತ್ತು, ಇನ್ನು ಮೇಲೆ ಬೆಳ್ಳಿ ತೂಗುವ ತಕ್ಕಡಿಯ, ಮಣಿಲೆಕ್ಕದ, ಬಿದಿರು ದೊಣ್ಣೆಯ ಸದ್ದು ಕೇಳೀತು ಎಂದು ಆ ಹುಡುಗ ಚುಚ್ಚಿದರೆ, ಈ ಪುಣ್ಯಾತ್ಮನಿಗೆ ಅದು ಚುಚ್ಚುಮಾತೆಂದೇ ಹೊಳೆಯುವುದಿಲ್ಲ. ದೊಡ್ಡ ತಕ್ಕಡಿ ತರಿಸಿ, ಭಾರದ ದೊಣ್ಣೆಯನ್ನೇ ಆರಿಸಿ ಆಡಳಿತ ಆರಂಭಿಸುತ್ತಾನೆ. ಮೇಲಧಿಕಾರಿಗಳು ಇಡೀ ಜಿಯಾಂಗ್ಶಿ ಪ್ರಾಂತ್ಯದಲ್ಲೇ ಇವನಂಥ ಸಮರ್ಥನಿಲ್ಲ ಎಂದು ಹೊಗಳುತ್ತಾರೆ. 'ಸಮರ್ಥ' ಎಂಬ ಈ ಮಾತನ್ನು ನೆನಪಿಟ್ಟುಕೋ.

ಒಂದೂವರೆ ಶತಮಾನದ ಬಳಿಕ, 1903ರಲ್ಲಿ, ಲಿ ಬೊಯುವಾನ್ 'ಅಧಿಕಾರಿಗಳ ನಿಜರೂಪ'ವನ್ನು ಶಾಂಘೈನಲ್ಲಿ ಧಾರಾವಾಹಿಯಾಗಿ ಬರೆಯತೊಡಗಿದ. ಆ ಹೊತ್ತಿಗೆ ಸರ್ಕಾರಿ ಹುದ್ದೆಗಳು ಬಹಿರಂಗವಾಗಿಯೇ ಮಾರಾಟಕ್ಕಿದ್ದವು, ಶಾಂಘೈನ ವಿದೇಶಿ ವಸಾಹತುಗಳಲ್ಲಿ ಚಿಂಗ್ ಸರ್ಕಾರದ ಕೈ ಸಲೀಸಾಗಿ ನುಗ್ಗುತ್ತಿರಲಿಲ್ಲವಾದ್ದರಿಂದ ಅಲ್ಲಿ ಹೀಗೆ ಬರೆಯಬಹುದಿತ್ತು. ಅರವತ್ತು ಅಧ್ಯಾಯ ಓದುವುದು ಬೇಸರವೇ. ಒಬ್ಬ ಕಳ್ಳ ಹೋದರೆ ಇನ್ನೊಬ್ಬ ಬರುತ್ತಾನೆ. ಆದರೂ ಒಂದು ಪ್ರಸಂಗ ಬಿಡಬೇಡ: ಮಿತವ್ಯಯ ಬೋಧಿಸುವ ಮೇಲಧಿಕಾರಿಯನ್ನು ಮೆಚ್ಚಿಸಲು ಎಲ್ಲ ಅಧಿಕಾರಿಗಳೂ ಹರಕಲು ನಿಲುವಂಗಿ ತೊಡಲು ಹೊರಟು, ಹಳೆಯ ಬಟ್ಟೆಯ ಬೆಲೆ ಹೊಸದನ್ನೂ ಮೀರಿಸುತ್ತದೆ. ಇಂಥ ಕಾದಂಬರಿಗಳನ್ನು ಆಧುನಿಕ ಚೀನಾದ ಹೆಸರಾಂತ ಲೇಖಕ ಲು ಶುನ್ ಮುಂದೆ 'ಖಂಡನೆಯ ಕಾದಂಬರಿ' ಎಂದು ಕರೆದು, ವು ಜಿಂಗ್‌ಜಿಯ ವಿಡಂಬನೆಗಿಂತ ಒಂದು ಮೆಟ್ಟಿಲು ಕೆಳಗಿಟ್ಟ. ನನಗೂ ಅದು ಸರಿ ಎನ್ನಿಸುತ್ತದೆ, ಒಂದೇ ಒಂದು ಪುಸ್ತಕವನ್ನು ಬಿಟ್ಟು.

ಅದು ಲಿಯು ಎ ಬರೆದ 'ಲಾವೊ ತ್ಸಾನನ ಪ್ರವಾಸ'. ಲಿಯು ಎ ಹಳದಿ ನದಿಯ ನೆರೆ ತಡೆಯುವ ಕೆಲಸದಲ್ಲಿ ದುಡಿದವನು. 1900ರಲ್ಲಿ ಬೀಜಿಂಗ್ ಪರಸೇನೆಗಳ ಕೈಯಲ್ಲಿದ್ದಾಗ, ರಷ್ಯನ್ನರ ವಶದಲ್ಲಿದ್ದ ಸರ್ಕಾರಿ ಕಣಜದ ಧಾನ್ಯವನ್ನು ಕೊಂಡು ಹಸಿದ ಜನಕ್ಕೆ ಒದಗಿಸಿದ. ಆಮೇಲೆ ಅದನ್ನೇ ಅಪರಾಧವಾಗಿಸಿ ಅವನನ್ನು ಶಿನ್‌ಜಿಯಾಂಗ್‌ಗೆ ಗಡೀಪಾರು ಮಾಡಿದರು, 1909ರಲ್ಲಿ ಅಲ್ಲೇ ತೀರಿಕೊಂಡ. ಅವನ ಕಾದಂಬರಿಯ ಖಳರು ಲಂಚ ತಿನ್ನುವವರಲ್ಲ, ಲಂಚ ಮುಟ್ಟದವರು. ಲಂಚಕೋರ ಕೆಟ್ಟವನೆಂದು ಎಲ್ಲರಿಗೂ ಗೊತ್ತು, ಶುದ್ಧಹಸ್ತ ಇನ್ನೂ ಕೆಟ್ಟವನಾಗಬಲ್ಲನೆಂದು ಹೆಚ್ಚಿನವರಿಗೆ ತಿಳಿಯದು ಎಂದು ಆತ ನೇರವಾಗಿಯೇ ಬರೆಯುತ್ತಾನೆ. ಲಂಚಕೋರನಿಗೆ ತನ್ನ ತಪ್ಪಿನ ಅರಿವಿನಿಂದ ಒಂದಿಷ್ಟು ಅಂಜಿಕೆ ಇರುತ್ತದೆ. ಹಣ ಮುಟ್ಟದವನಿಗೆ ತಾನು ಮಾಡಿದ್ದೆಲ್ಲ ಸರಿ ಎಂಬ ನಂಬಿಕೆ.

ತ್ಸಾವೊಜೋ ಎಂಬ ಊರಿನ ಅಧಿಕಾರಿ ಯು ಶಿಯಾನ್ ಅಂಥವನು. ಅವನ ಕಚೇರಿಯ ಬಾಗಿಲಲ್ಲಿ ಹನ್ನೆರಡು ಪಂಜರಗಳಿದ್ದು, ಹಿಡಿದು ತಂದವರನ್ನು ಅವುಗಳಲ್ಲಿ ಸಾಯುವವರೆಗೆ ನಿಲ್ಲಿಸುತ್ತಾರೆ. ಒಮ್ಮೆ ಒಂದೇ ಮನೆಯ ಮೂವರನ್ನು ತಂದಾಗ ಪಂಜರಗಳು ಖಾಲಿಯಿಲ್ಲ. ಒಳಗಿರುವವರನ್ನು ಹೊಡೆದು ಸಾಯಿಸಿ ಜಾಗ ಮಾಡಿ ಎಂದು ಅಪ್ಪಣೆಯಾಗುತ್ತದೆ. ಮೇಲಿನವರ ಕಣ್ಣಿಗೆ ಅವನೂ ಸಮರ್ಥನೇ. ಹಿಮ ಸುರಿಯುತ್ತಿರುವಾಗ ಕಥಾನಾಯಕ, ಊರೂರು ಅಲೆಯುವ ವೈದ್ಯ ಲಾವೊ ತ್ಸಾನ್ ಹೊರಗೆ ನೋಡಿ, ಚಳಿಗೆ ಮುದುಡಿದ ಗುಬ್ಬಚ್ಚಿಗಳಿಗೆ ಹಸಿವು ಚಳಿಗಳಷ್ಟೇ ಕಷ್ಟ, ಈ ಊರಿನ ಜನಕ್ಕೆ ಅವುಗಳ ಮೇಲೆ ಹೆದರಿಕೆಯೂ ಇದೆ ಎಂದು ಮರುಗುತ್ತಾನೆ.

ಇನ್ನೊಬ್ಬ ಗಾಂಗ್ ಬಿ. ಹದಿಮೂರು ಜನ ಸತ್ತ ಪ್ರಕರಣದಲ್ಲಿ ನಿರಪರಾಧಿ ಹೆಣ್ಣುಮಗಳೊಬ್ಬಳು ಸಿಕ್ಕಿಬೀಳುತ್ತಾಳೆ. ಅವಳ ಕಡೆಯ ಆಳು ಗಾಬರಿಯಲ್ಲಿ, ಲೋಕರೂಢಿಯಂತೆ, ಹಣ ಕೊಡಲು ಬರುತ್ತಾನೆ. ಗಾಂಗ್ ಬಿ ಒಪ್ಪಿದಂತೆ ನಟಿಸಿ, ತಲೆಗೆ ಐನೂರರಂತೆ 6500 ತಾಯಿಲ್ ಕೇಳಿ, ಅವನು ಹೂಂ ಎಂದದ್ದನ್ನೇ ಅಪರಾಧದ ಪುರಾವೆಯಾಗಿಸುತ್ತಾನೆ: ತಪ್ಪು ಮಾಡದಿದ್ದರೆ ಹಣವೇಕೆ ಕೊಡುತ್ತಿದ್ದರು? ಆಮೇಲೆ ಚಿತ್ರಹಿಂಸೆ. ಅವನ ಕೈಗೆ ಒಂದು ಕಾಸಿನ ಮಸಿಯೂ ಅಂಟಿಲ್ಲ.

ಈ ಭಾಗ ಓದುವಾಗ ನಿನ್ನ ನೆನಪಾಯಿತು, ಬೇಸರಿಸಬೇಡ. ವಿಧವಾ ವೇತನಕ್ಕೆ ಬಂದ ಮುದುಕಿಯೊಬ್ಬಳು ಅರ್ಜಿಯೊಳಗೆ ನೂರರ ನೋಟು ಮಡಚಿಟ್ಟಿದ್ದಳೆಂದೂ, ನೀನು ಎಲ್ಲರೆದುರು ನೋಟು ಹಿಂತಿರುಗಿಸಿ, ಗದರಿಸಿ, ಅರ್ಜಿಯನ್ನೇ ವಜಾ ಮಾಡಿದೆಯೆಂದೂ ಹಿಂದೊಮ್ಮೆ ನೀನೇ ಹೇಳಿದ್ದೆ. ಅಂದು ನಾನು ಶಹಬ್ಬಾಸ್ ಎಂದಿದ್ದೆ. ಆಕೆಗೆ ಮುಂದೆ ವೇತನ ಮಂಜೂರಾಯಿತೇ ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಲಿಯು ಎಯ ಪುಸ್ತಕವನ್ನು ನಾಳೆಯ ಅಂಚೆಗೆ ಹಾಕುತ್ತಿದ್ದೇನೆ. ಅದರಿಂದಲೇ ಶುರು ಮಾಡು.

ನಿನ್ನ ಗೆಳೆಯ